ಕೌಂಟರ್‌ನಲ್ಲಿ ಕೂತವರನ್ನು ಬೈದರೆ ನಂಬರ್ ಮುಂದೆ ಬರುತ್ತದಾ?

ಕೌಂಟರ್ ಅಕ್ಕ (ವಿಜಯಪುರ)
ಸೋಮವಾರ, ರಾತ್ರಿ 9:40

ಮನೆಗೆ ಬಂದು ಚಪ್ಪಲಿ ಬಿಟ್ಟವಳು ಹಾಗೇ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಒಂದು ಖಾಸಗಿ ದವಾಖಾನೆಯ ಕೌಂಟರ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಕೇಸ್ ಪೇಪರ್ ಮಾಡೋದು, ನಂಬರ್ ಹಚ್ಚೋದು, ಫೀ ತೆಗೆದುಕೊಳ್ಳೋದು, ಫೋನ್ ಎತ್ತೋದು, ಎಲ್ಲ ನಾನೇ. ಜೊತೆಗೆ ಇನ್ನೊಬ್ಬ ಹುಡುಗಿ ಇದ್ದಾಳೆ. ಇವತ್ತು ಅವಳಿಗೆ ರಜೆ. ಸೋಮವಾರವೇ ಯಾಕೆ ರಜೆ ಬೇಕಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಬೆಳಿಗ್ಗೆ ಒಬ್ಬರು ಬಂದರು. ಅವರ ನಂಬರ್ 41. ಒಳಗೆ 12 ನಡೆದಿತ್ತು. "ಬರೇ ರಿಪೋರ್ಟ್ ತೋರಸೂದೈತಿ, ಎರಡ ನಿಮಿಷ ಬಿಡ್ರಿ" ಅಂದರು. ಪಾಳಿ ಪ್ರಕಾರ ಬರ್ರಿ ಅಂದೆ. ಅವರಿಗಿಂತ ಮುಂಚೆ ಅದೇ ಮಾತನ್ನು ಒಂಬತ್ತು ಮಂದಿ ಹೇಳಿದ್ದರು. ಆ ಎರಡು ನಿಮಿಷ ಯಾವತ್ತೂ ಎರಡು ನಿಮಿಷ ಆಗಲ್ಲ. ಒಳಗೆ ಹೋದ ಮೇಲೆ ರಿಪೋರ್ಟ್ ಜೊತೆ ಮೊಣಕಾಲು ನೋವು, ಆಮೇಲೆ ನಿದ್ದೆ ಬರದಿರೋದು, ಕೊನೆಗೆ ಜೊತೆಗೆ ಬಂದ ಹೆಂಡತಿಯ ಬಿಪಿ. ಇಪ್ಪತ್ತು ನಿಮಿಷ ಹೋಗುತ್ತದೆ.

ಅವರು ಕೌಂಟರ್ ಮೇಲೆ ಕೈ ಬಡಿದು, "ನೀ ಯಾರ ಕೇಳಾಕಿ? ಡಾಕ್ಟರ್ ನಮಗ ಪರಿಚಯ ಅದಾರ" ಅಂತ ಕೂಗಿದರು. ನಲವತ್ತು ಮಂದಿ ನನ್ನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು, ನುಗ್ಗಿಬಿಟ್ಟರು. ಒಳಗಿನಿಂದ "ನಮಸ್ಕಾರ್ರೀ ಸಾಹೇಬ್ರ" ಅಂತ ಬೆಣ್ಣೆಯಂಥ ದನಿ ಕೇಳಿಸಿತು. ಹೊರಗೆ ಬಂದು ಪಕ್ಕದವರಿಗೆ ಹೇಳುತ್ತಾರೆ, "ಡಾಕ್ಟರ್ ದೇವರಂಥ ಮನಶ್ಯಾ. ಈ ಹೊರಗ ಕುಂತಾಕಿನ ಸರಿ ಇಲ್ಲ."

ಬೇರೆ ದವಾಖಾನೆಗಳ ಕೌಂಟರ್‌ನವರು ಇದನ್ನು ಹೇಗೆ ನಿಭಾಯಿಸುತ್ತೀರಿ? ಪೇಷಂಟ್ ಕಡೆಯವರೂ ಬರೆಯಿರಿ. ಬೈಯುವುದಿದ್ದರೂ ಪರವಾಗಿಲ್ಲ, ಇವತ್ತು ಅಭ್ಯಾಸ ಆಗಿದೆ.

ಹಳದಿ ಚೀಟಿ (ಬಾಗಲಕೋಟೆ)

ಅಕ್ಕಾರ, "ಬರೇ ರಿಪೋರ್ಟ್" ಅಂತ ಕೇಳಿದರೆ ಸಾಕು, ನನಗೂ ತಲೆ ಸಿಡಿಯುತ್ತದೆ. ನವನಗರದಲ್ಲಿ ನಾನು ಕೆಲಸ ಮಾಡುವ ಕಡೆ ಡಾಕ್ಟರೇ ಒಂದು ಉಪಾಯ ಮಾಡಿದರು. ನಾಲ್ಕು ಹೊಸ ಪೇಷಂಟ್ ಆದ ಮೇಲೆ ಒಬ್ಬ ರಿಪೋರ್ಟ್‌ನವರು. ಅವರಿಗೆ ಹಳದಿ ಚೀಟಿ, ಉಳಿದವರಿಗೆ ಬಿಳಿ. ಈಗ ಜಗಳ ಇಲ್ಲ ಅಂತಲ್ಲ. ಹಳದಿಯವರು ಹಳದಿಯವರ ಜೊತೆಗೇ ಜಗಳ ಆಡಿಕೊಳ್ಳುತ್ತಾರೆ, ನಾನು ಆರಾಮ.

ಖಡಕ್ ರೊಟ್ಟಿ

ಹೆಂಡತಿಯ ಬಿಪಿ ಏರಿದ್ದು ಯಾರಿಂದ ಅಂತ ಡಾಕ್ಟರ್ ಕೇಳಲಿಲ್ಲವಾ? 😄

ಮೊದಲನೇ ಬಸ್ (ಸಿಂದಗಿ)

ನಾನು ಪೇಷಂಟ್ ಕಡೆಯವನು. ಬೈಯಬಹುದು ಅಂದಿದ್ದೀರಿ, ಬೈಯಲ್ಲ, ಆದರೆ ಇನ್ನೊಂದು ಮಗ್ಗುಲೂ ಇದೆ.

ಹೋದ ತಿಂಗಳು ಅವ್ವನನ್ನು ವಿಜಯಪುರಕ್ಕೆ ಕರೆದುಕೊಂಡು ಹೋದೆ. ಸಿಂದಗಿಯಿಂದ ಸುಮಾರು 60 ಕಿಲೋಮೀಟರ್. ಅವಳು ನಾಲ್ಕಕ್ಕೆ ಎದ್ದು, ಜಳಕ ಮಾಡಿ, ಬುತ್ತಿ ಕಟ್ಟಿಕೊಂಡು ಮೊದಲನೇ ಬಸ್ ಹತ್ತಿದಳು. ಎಂಟೂವರೆಗೆ ನಂಬರ್ ಹಚ್ಚಿದೆವು. 7 ಸಿಕ್ಕಿತು. ಖುಷಿಯಾಯಿತು. ಡಾಕ್ಟರ್ ಎಷ್ಟಕ್ಕೆ ಬರುತ್ತಾರೆ ಅಂದರೆ "ಹತ್ತಕ್ಕ ಬರ್ತಾರ್ರಿ". ಹತ್ತಾಯಿತು. "ಈಗ ಬರ್ತಾರ್ರಿ". ಹನ್ನೊಂದಾಯಿತು. "ಹೊಂಟಾರ್ರಿ, ದಾರ್ಯಾಗ ಅದಾರ". ಹನ್ನೆರಡೂಕಾಲಿಗೆ ಬಂದರು. ಅದು ಎಂಥ ದಾರಿ ರೀ? ಅಷ್ಟೊತ್ತಿಗೆ ಸೊಲ್ಲಾಪುರ ಮುಟ್ಟಿ ಚಾ ಕುಡಿದು ವಾಪಸ್ ಬರಬಹುದಿತ್ತು.

ಅವ್ವನಿಗೆ ಶುಗರ್ ಇದೆ. ಮಧ್ಯೆ ಎದ್ದು ಹೋಗಿ ಊಟ ಮಾಡಿಸೋಣ ಅಂದರೆ "ನಂಬರ್ ಹೋದ್ರ ನನ್ನ ಕೇಳಬ್ಯಾಡ್ರಿ" ಅಂತ ಕೌಂಟರ್ ಹುಡುಗಿ. ಬಡಿದದ್ದು ತಪ್ಪು, ಕೂಗಿದ್ದು ತಪ್ಪು. ಆದರೆ ಹನ್ನೆರಡಕ್ಕೆ ಬರುತ್ತಾರೆ ಅಂತ ಮೊದಲೇ ಹೇಳಿದ್ದರೆ ನಾನು ಅವ್ವನಿಗೆ ಎರಡು ರೊಟ್ಟಿ ತಿನ್ನಿಸಿ ನೆರಳಿಗೆ ಕೂರಿಸುತ್ತಿದ್ದೆ. ಸುಳ್ಳು ಯಾಕೆ ಹೇಳುತ್ತೀರಿ?

ಕೌಂಟರ್ ಅಕ್ಕ (ವಿಜಯಪುರ)

ಅಣ್ಣಾರ, ನೀವು ಬೈದಿದ್ದರೇ ಹಗುರ ಆಗುತ್ತಿತ್ತು.

ನಿಜ ಹೇಳಿಬಿಡುತ್ತೇನೆ. "ದಾರ್ಯಾಗ ಅದಾರ" ಅಂತ ನಾನೂ ಹೇಳಿದ್ದೇನೆ, ಬಹಳ ಸಲ. ಆಗ ಡಾಕ್ಟರ್ ಎಲ್ಲಿರುತ್ತಾರೆ ಅಂದರೆ ಹೆಚ್ಚಾಗಿ ಆಪರೇಷನ್ ಥಿಯೇಟರ್‌ನಲ್ಲಿ. ಒಂದು ಗಂಟೆ ಅಂದುಕೊಂಡದ್ದು ಎರಡೂವರೆ ಆಗುತ್ತದೆ. ಒಳಗೆ ಫೋನ್ ಮಾಡಿ ಕೇಳುವ ಹಾಗಿಲ್ಲ. ಕೇಳಿದರೆ ಸಿಸ್ಟರ್ ನನಗೆ ಬೈಯುತ್ತಾರೆ. ಇನ್ನು "ಲೇಟ್ ಆಗ್ತದ" ಅಂತ ಹೇಳಿದರೆ ಪೇಷಂಟ್ ಎದ್ದು ಬೇರೆ ದವಾಖಾನೆಗೆ ಹೋಗುತ್ತಾರೆ, ಹೋಗಲು ಬಿಡಬೇಡ ಅಂತ ಮ್ಯಾನೇಜರ್ ಹೇಳಿರುತ್ತಾರೆ. ಸುಳ್ಳು ನನ್ನ ಬಾಯಿಂದ ಬರುತ್ತದೆ, ಹುಟ್ಟುವುದು ಮಾತ್ರ ಬೇರೆ ಕಡೆ.

ಶುಗರ್ ಇದ್ದವರನ್ನು ಊಟಕ್ಕೆ ಬಿಡದಿದ್ದದ್ದು ಮಾತ್ರ ದೊಡ್ಡ ತಪ್ಪು. ನಮ್ಮಲ್ಲಿ ಹೋಗಿ ಬನ್ನಿ ಅನ್ನುತ್ತೇವೆ, ಬಂದ ಮೇಲೆ ಮುಂದಿನ ನಂಬರ್ ಆದ ತಕ್ಷಣ ಒಳಗೆ ಬಿಡುತ್ತೇವೆ.

ಮೊದಲನೇ ಬಸ್ (ಸಿಂದಗಿ)

ಮ್ಯಾನೇಜರ್ ಹೇಳಿದ್ದಾರೆ ಅಂತ ನೀವು, ಡಾಕ್ಟರ್ ಹೇಳಿದ್ದಾರೆ ಅಂತ ಮ್ಯಾನೇಜರ್. ನಮ್ಮ ಅವ್ವ ಯಾರ ಹತ್ತಿರ ಹೇಳಬೇಕು?

ಹಳದಿ ಚೀಟಿ (ಬಾಗಲಕೋಟೆ)

ಅಣ್ಣಾರ, ಅವರು ಒಪ್ಪಿಕೊಂಡರಲ್ಲ. ಇನ್ನೂ ಎಷ್ಟು ಎಳೀತೀರಿ. ತಿಂಗಳ ಪಗಾರ ಕೇಳಿದರೆ ನಿಮಗೇ ಅಯ್ಯೋ ಅನ್ನಿಸುತ್ತದೆ. ಆ ಪಗಾರಕ್ಕೆ ಡಾಕ್ಟರ್ ಮೇಲಿನ ಸಿಟ್ಟು, ಬಸ್ ಮೇಲಿನ ಸಿಟ್ಟು, ಮಗನ ಮೇಲಿನ ಸಿಟ್ಟು ಎಲ್ಲ ನಾವೇ ತಿನ್ನಬೇಕು.

ಲ್ಯಾಬ್ ಮಾಮಾ (ವಿಜಯಪುರ)

ನಾನು ರಕ್ತ ತಪಾಸಣೆಯವನು. ನಮ್ಮದು ಚಿಕ್ಕ ಲ್ಯಾಬ್, ಕೌಂಟರೂ ನಾನೇ, ಸೂಜಿಯೂ ನಾನೇ.

"ಏನೂ ತಿಂದಿಲ್ಲ ಅಲ್ರೀ?"
"ಏನೂ ಇಲ್ರಿ."
"ಚಾ?"
"ಚಾ ಕುಡದೀನ್ರಿ, ಚಾ ಅಂದ್ರ ತಿಂದಂಗಾ?"

ದಿನಕ್ಕೆ ಐದು ಸಲ ಈ ಮಾತು. ಉಪವಾಸದ ಶುಗರ್ ಅಂದರೆ ಎಂಟರಿಂದ ಹತ್ತು ತಾಸು ನೀರು ಬಿಟ್ಟು ಏನೂ ಇಲ್ಲ. ಚಾದಲ್ಲಿ ಸಕ್ಕರೆ ಇರುತ್ತದೆ, ಹಾಲಿರುತ್ತದೆ. ಒಬ್ಬ ಹಿರಿಯರು ಸಕ್ಕರೆ ಬಿಟ್ಟು ಬೆಲ್ಲದ ಚಾ ಕುಡಿದು ಬಂದಿದ್ದರು. ಊಟದ ನಂತರದ್ದು ಇನ್ನೂ ಕಷ್ಟ. ಉಂಡು ಸರಿಯಾಗಿ ಎರಡು ತಾಸಿಗೆ ರಕ್ತ ಕೊಡಬೇಕು. ಹನ್ನೊಂದಕ್ಕೆ ಉಂಡವರು ಸಂತೆ ಮುಗಿಸಿ ಮೂರಕ್ಕೆ ಬಂದು "ಎರಡು ತಾಸ ಆಗೇ ಹೋತಲ್ರೀ" ಅನ್ನುತ್ತಾರೆ. ಆಗೇ ಹೋಯಿತು, ಖರೆ.

ಆದರೆ ನನ್ನ ನಿಜವಾದ ಹೆದರಿಕೆ ಹೆಸರಿನದು. ನಮ್ಮ ಜಿಲ್ಲೆಯಲ್ಲಿ ನಿಂತು "ಬಿರಾದಾರ" ಅಂತ ಕೂಗಿ ನೋಡಿ. ನಾಲ್ಕು ಮಂದಿ ಏಳುತ್ತಾರೆ. ಪೂರ್ತಿ ಹೆಸರು ಕೂಗಿದರೂ ಇಬ್ಬರು ಏಳುತ್ತಾರೆ. ಎರಡು ವರ್ಷದ ಹಿಂದೆ ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬರ ರಿಪೋರ್ಟ್ ಇನ್ನೊಬ್ಬರ ಕೈಗೆ ಕೊಟ್ಟೆ. ಅವರಿಗೆ ಶುಗರ್ ಇರಲೇ ಇಲ್ಲ, ಆ ಕಾಗದದಲ್ಲಿ 310 ಇತ್ತು. ಬಾಗಿಲು ದಾಟುವ ಮುಂಚೆ ವಯಸ್ಸಿನ ಕಡೆ ಕಣ್ಣು ಹೋಗಿದ್ದಕ್ಕೆ ಉಳಿದೆ. 62 ಇರಬೇಕಾದ ಕಡೆ 35 ಇತ್ತು. ಓಡಿ ಹೋಗಿ ಕಸಿದುಕೊಂಡೆ. ಅವತ್ತಿನಿಂದ ಹೆಸರು, ತಂದೆ ಹೆಸರು, ಊರು, ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ, ನಾಲ್ಕೂ ಕೇಳುತ್ತೇನೆ. ಕೇಳಿದರೆ "ಏನ್ ರೇಷನ್ ಕಾರ್ಡ್ ಮಾಡ್ತೀರೇನು" ಅಂತ ಬೈಗುಳ. ಬೈಲಿ.

ಇಂಡಿ ನಿಂಬೆ

ಅಕ್ಕಾರ, ನಿಮ್ಮಲ್ಲಿ ಎಲುಬಿನ ಡಾಕ್ಟರ್ ಯಾವ ವಾರ ಬರ್ತಾರೆ?

ಕೌಂಟರ್ ಅಕ್ಕ (ವಿಜಯಪುರ)

ಇಲ್ಲೂನಾ? 🙏

ಲ್ಯಾಬ್ ಮಾಮಾ, ನಾಲ್ಕು ಕೇಳುತ್ತೀರಲ್ಲ, ವಯಸ್ಸು ಕೇಳಿ ನೋಡಿದ್ದೀರಾ? ಹೋದ ವಾರ ಒಬ್ಬ ಅಜ್ಜಿ. "ವಯಸ್ಸೆಷ್ಟವ್ವಾ?" ಅಂದರೆ "ನೀನ ಬರಕೋ ತಂಗಿ" ಅಂದಳು. ಅಂದಾಜಾದರೂ ಹೇಳು ಅಂದೆ. "ದೊಡ್ಡ ಬರ ಬಿದ್ದಾಗ ನನ್ನ ಹಿರೇ ಮಗ ತೊಟ್ಟಿಲದಾಗಿದ್ದ" ಅಂದಳು. 1972ರ ಬರ. ಮಗನಿಗೆ ಐವತ್ತು ದಾಟಿದೆ, ಅಜ್ಜಿಗೆ ಎಪ್ಪತ್ತರ ಮೇಲೆ ಅಂತ ಲೆಕ್ಕ ಹಾಕಿದೆ. ಕಂಪ್ಯೂಟರ್ ಬರ ಗಿರ ಕೇಳಲ್ಲ, ತಾರೀಖು ಕೇಳುತ್ತದೆ. ಆಧಾರ್ ನೋಡಿದರೆ ಜನವರಿ 1. ನಮ್ಮ ದವಾಖಾನೆ ಪ್ರಕಾರ ಅರ್ಧ ಜಿಲ್ಲೆ ಜನವರಿ 1ಕ್ಕೇ ಹುಟ್ಟಿದೆ.

ಆಮೇಲೆ ಗಂಡನ ಹೆಸರು ಕೇಳಿದೆ. ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಮೊಮ್ಮಗನಿಗೆ ಹೇಳು ಅಂದಳು, ಅವನು ಮೊಬೈಲ್‌ನಲ್ಲಿ ಮುಳುಗಿದ್ದ. ಹಿಂದೆ ಹದಿನೈದು ಮಂದಿ ಪಾಳಿ. ಕೊನೆಗೆ ಅಜ್ಜಿ ಗಂಟಲು ಸರಿ ಮಾಡಿಕೊಂಡು ಒಡಪು ಹಾಕಿಯೇಬಿಟ್ಟಳು:

"ಕಟ್ಟಿ ಮ್ಯಾಗಿನ ತುಳಸಿಗಿ ಮುಂಜಾನೆದ್ದು ನೀರ,
ಮಲ್ಲಪ್ಪ ಅಂತಾರ ತಂಗಿ ನಮ್ಮ ಮನಿ ಯಜಮಾನರ."

ಪಾಳಿಯಲ್ಲಿ ನಿಂತವರೆಲ್ಲ ಚಪ್ಪಾಳೆ ಹೊಡೆದರು. ಆ ವಾರದಲ್ಲಿ ಯಾರೂ ಸಿಟ್ಟಾಗದ ಐದು ನಿಮಿಷ ಅದೊಂದೇ.

ಖಡಕ್ ರೊಟ್ಟಿ

ಅಜ್ಜಿಗೆ ಫೀ ಮಾಫ್ ಮಾಡಬೇಕಿತ್ತು.

ಕೌಂಟರ್ ಅಕ್ಕ (ವಿಜಯಪುರ)

ಅದು ನನ್ನ ಕೈಯಲ್ಲಿಲ್ಲ ರೀ. ನಂಬರ್ ಮಾತ್ರ ಸ್ವಲ್ಪ ಮುಂದೆ ಹಾಕಿದೆ. ಈ ಮಾತು ಇಲ್ಲೇ ಇರಲಿ.

ಮೊದಲನೇ ಬಸ್ (ಸಿಂದಗಿ)

ಓಹೋ! ಒಡಪು ಹೇಳಿದರೆ ನಂಬರ್ ಮುಂದೆ ಬರುತ್ತದೆ. ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಸಿಕ್ಕಿತು.

ಸ್ಕ್ಯಾನಿಂಗ್ ಹುಡುಗಿ (ಜಮಖಂಡಿ)

ನೀವೆಲ್ಲ ಪುಣ್ಯವಂತರು. ಸ್ಕ್ಯಾನಿಂಗ್ ಸೆಂಟರಿನ ಕೌಂಟರ್‌ನಲ್ಲಿ ಕೂತು ನೋಡಿ.

ಬಸುರಿ ಹೆಂಗಸರು ಬಂದರೆ ಫಾರ್ಮ್ ಎಫ್ ತುಂಬಬೇಕು. ಹೆಸರು, ವಿಳಾಸ, ಎಷ್ಟು ಮಕ್ಕಳು, ಯಾರು ಕಳಿಸಿದರು, ಸ್ಕ್ಯಾನ್ ಯಾಕೆ. ಜೊತೆಗೆ ಗುರುತಿನ ಚೀಟಿ. ಇದು 1994ರ ಕಾಯ್ದೆ, ಭ್ರೂಣಲಿಂಗ ಪತ್ತೆ ತಡೆಯೋದಕ್ಕೆ. ಒಂದು ಕಾಲಂ ಖಾಲಿ ಬಿಟ್ಟರೂ ತಪಾಸಣೆಗೆ ಬಂದವರು ಸೆಂಟರಿಗೆ ಬೀಗ ಹಾಕಬಹುದು. ಅದಕ್ಕೇ ಕೇಳುತ್ತೇವೆ. "ಹೊಟ್ಟಿ ನೋಡಾಕ ಆಧಾರ್ ಯಾಕ?" ಅಂತ ಅತ್ತೆಯಂದಿರು ಶುರು ಮಾಡುತ್ತಾರೆ. ಎಷ್ಟು ಮಕ್ಕಳು ಅಂದರೆ "ಎರಡು ಹೆಣ್ಣು" ಅಂತ ಹೇಳುವಾಗಿನ ದನಿಯಿಂದಲೇ ಮುಂದಿನ ಪ್ರಶ್ನೆ ಏನು ಅಂತ ಗೊತ್ತಾಗುತ್ತದೆ.

ಗೋಡೆ ಮೇಲೆ ಬೋರ್ಡ್ ಇದೆ, ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ ಅಂತ. ಅದರ ಕೆಳಗೇ ನಿಂತು, ಮೆತ್ತಗೆ ಬಗ್ಗಿ, "ತಂಗಿ, ಪೇಢೆ ಹಂಚೂದೋ ಜಿಲೇಬಿ ಹಂಚೂದೋ, ಇಷ್ಟ ಹೇಳು" ಅನ್ನುತ್ತಾರೆ. ಬಾಯಲ್ಲಿ ಬೇಡ, ಸನ್ನೆ ಮಾಡಿ ಹೇಳಿದರೂ ಅಪರಾಧ. ಮೂರು ವರ್ಷದವರೆಗೆ ಜೈಲು. ಮೊದಲೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ, "ಏನಂದ್ರಿ? ಇನ್ನೊಮ್ಮೆ ಹೇಳ್ರಿ" ಅನ್ನುತ್ತೇನೆ. ಮತ್ತೆ ಕೇಳಲ್ಲ.

ಇನ್ನೊಂದು, ನೀರು ಕುಡಿಸುವ ಕಥೆ. ಹೊಟ್ಟೆ ಕೆಳಭಾಗದ ಸ್ಕ್ಯಾನ್‌ಗೆ ಮೂತ್ರಚೀಲ ತುಂಬಿರಬೇಕು. ಒಂದು ಲೀಟರ್ ಕುಡಿದು ತಡೆದುಕೊಂಡು ಕೂರುತ್ತಾರೆ. ಅಷ್ಟರಲ್ಲಿ ಎಮರ್ಜೆನ್ಸಿ ಬರುತ್ತದೆ. ಇವರು ಕಾಲು ಮೇಲೆ ಕಾಲು ಹಾಕಿ, ಬೆವತು, ನನ್ನ ಮುಖ ನೋಡುತ್ತಾರೆ. ಕೊನೆಗೆ ತಡೆಯಲಾಗದೆ ಹೋಗಿ ಬರುತ್ತಾರೆ. ಸರಿಯಾಗಿ ಆಗಲೇ ಒಳಗಿನಿಂದ ಅವರ ಹೆಸರು ಕೂಗುತ್ತಾರೆ. ಮತ್ತೆ ಒಂದು ಲೀಟರ್. ಅವರು ಬೈದರೆ ನನಗೆ ಸಿಟ್ಟೇ ಬರಲ್ಲ. ನನ್ನನ್ನು ಹಾಗೆ ಕೂರಿಸಿದ್ದರೆ ನಾನು ಕುರ್ಚಿ ಎಸೆಯುತ್ತಿದ್ದೆ.

ಮೂರು ಭಾಷೆ (ಬೆಳಗಾವಿ)

ಪೇಢೆ ಜಿಲೇಬಿ ಮಾತು ಇಲ್ಲೂ ಇದೆ, ಮರಾಠಿಯಲ್ಲಿ.

ನಮ್ಮ ಕೌಂಟರ್‌ಗೆ ಮೂರು ಭಾಷೆ ಸಾಲಲ್ಲ. ಖಾನಾಪುರದವರು ಮರಾಠಿ, ಬೈಲಹೊಂಗಲದವರು ಕನ್ನಡ, ಪೇಟೆಯವರು ಉರ್ದು, ಗೋವಾದಿಂದ ಬಂದವರು ಕೊಂಕಣಿ, ಇನ್ಶೂರೆನ್ಸ್‌ನವರು ಇಂಗ್ಲಿಷ್. ಕನ್ನಡದಲ್ಲಿ ಶುರು ಮಾಡಿದರೆ ಒಬ್ಬರು ಮುಖ ಸಿಂಡರಿಸುತ್ತಾರೆ, ಮರಾಠಿಯಲ್ಲಿ ಶುರು ಮಾಡಿದರೆ ಇನ್ನೊಬ್ಬರು. ನಾನು ಮೊದಲು ಕೈ ಮುಗಿಯುತ್ತೇನೆ. ಅವರು ಯಾವ ಭಾಷೆಯಲ್ಲಿ ನರಳುತ್ತಾರೋ ಅದರಲ್ಲಿ ಮುಂದುವರಿಸುತ್ತೇನೆ.

ನನ್ನ ತಲೆನೋವು ಕಾರ್ಡಿನದು. ಬಿಪಿಎಲ್ ಕಾರ್ಡ್ ಕೌಂಟರ್ ಮೇಲೆ ಇಟ್ಟು "ಎಲ್ಲ ಪುಕ್ಕಟೆ ಅಲ್ರೀ?" ಅನ್ನುತ್ತಾರೆ. 2018ರಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷ ಮಿತಿ. ಇದು ಅಡ್ಮಿಟ್ ಆಗಿ ತೆಗೆದುಕೊಳ್ಳುವ ಚಿಕಿತ್ಸೆಗೆ. ನೆಗಡಿ ತೋರಿಸುವ ಫೀಗೆ ಅಲ್ಲ. ಎಮರ್ಜೆನ್ಸಿ ಬಿಟ್ಟರೆ ಮೊದಲು ಸರ್ಕಾರಿ ದವಾಖಾನೆಗೆ ಹೋಗಿ ಅಲ್ಲಿಂದ ರೆಫರಲ್ ತರಬೇಕು, ನಾವು ಆ ಯೋಜನೆಯ ಪಟ್ಟಿಯಲ್ಲೂ ಇರಬೇಕು. ಇಷ್ಟನ್ನು ಜ್ವರದಿಂದ ನಡುಗುತ್ತಿರುವ ಮನುಷ್ಯನಿಗೆ ಗಾಜಿನ ತೂತಿನಿಂದ ಹೇಗೆ ಹೇಳೋದು? ಅವರಿಗೆ ಕೇಳಿಸುವುದು "ಇಲ್ಲ" ಅನ್ನೋದು ಮಾತ್ರ. ಹೊರಗೆ ಹೋಗಿ "ಸರ್ಕಾರ ಕೊಟ್ಟರೂ ಇವರು ಕೊಡಲ್ಲ" ಅನ್ನುತ್ತಾರೆ.

ಖಡಕ್ ರೊಟ್ಟಿ

"ಯಾವ ಭಾಷೆಯಲ್ಲಿ ನರಳುತ್ತಾರೋ". ಇದನ್ನು ಬೆಳಗಾವಿಯ ಗಡಿ ಸಮಿತಿಗೆ ಕಳಿಸಿ.

ಕಟ್ಟೆ ಕಾವಲು (ಮಾಡರೇಟರ್)

ಗಡಿ ವಿಷಯ ಇಲ್ಲಿ ಬೇಡ. ಆ ಕಟ್ಟೆ ಬೇರೆ ಇದೆ, ಅಲ್ಲಿ ಈಗಾಗಲೇ ನಾಲ್ಕು ಸಾವಿರ ಉತ್ತರ ಆಗಿವೆ.

ನಿವೃತ್ತ ಮಾಸ್ತರ (ರಾಯಬಾಗ)

ಕೌಂಟರಿನ ಮಕ್ಕಳೆಲ್ಲ ತಮ್ಮ ಕಷ್ಟ ಹೇಳಿಕೊಂಡಿರಿ, ಓದಿದೆ. ನನ್ನದೊಂದು ಪ್ರಶ್ನೆ. ಫೀ ಎಷ್ಟು ಅಂತ ಬೋರ್ಡ್ ಯಾಕೆ ಹಾಕಲ್ಲ? ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ, 2017ರಲ್ಲಿ ತಿದ್ದುಪಡಿಯೂ ಆಯಿತು. ದರಪಟ್ಟಿ ಕಾಣುವ ಕಡೆ ಹಾಕಬೇಕು ಅಂತ ಅದರಲ್ಲೇ ಇದೆ. ನಾನು ಹೋದ ಒಂದು ಕಡೆ ದರಪಟ್ಟಿ ಇತ್ತು, ಅದರ ಮುಂದೆ ದೊಡ್ಡ ಪ್ಲಾಸ್ಟಿಕ್ ಗಿಡ ಇಟ್ಟಿದ್ದರು. ಗಿಡ ಸರಿಸಿ ಓದಿದೆ. ಕೌಂಟರಿನ ಹುಡುಗ "ಅಜ್ಜಾರ, ಗಿಡಕ್ಕ ಯಾಕ ಕೈ ಹಚ್ತೀರಿ" ಅಂದ.

ಇನ್ನು ಹಳೆಯ ಮಾತು. ನಾನು ಸಣ್ಣವನಿದ್ದಾಗ ನಮ್ಮ ಕಡೆ ದೊಡ್ಡ ಜಡ್ಡು ಅಂದರೆ ಮೀರಜ. ಅಲ್ಲಿಯ ಮಿಷನ್ ದವಾಖಾನೆಯನ್ನು ವಾನ್ಲೆಸ್ ಸಾಹೇಬರು 1894ರಲ್ಲಿ ಶುರು ಮಾಡಿದ್ದು. ನಮ್ಮಪ್ಪ ನನ್ನನ್ನು ಮೀಟರ್ ಗೇಜ್ ರೈಲಿನಲ್ಲಿ ಕರೆದುಕೊಂಡು ಹೋಗಿದ್ದ. ಹೊರಗೆ ಗಿಡದ ಕೆಳಗೆ ಒಲೆ ಹೂಡಿ ಅಡುಗೆ ಮಾಡಿಕೊಂಡು ಎರಡು ದಿನ ಕಾದೆವು. ಯಾರೂ ಯಾರಿಗೂ ಬೈದದ್ದು ನೆನಪಿಲ್ಲ.

ಮೊದಲನೇ ಬಸ್ (ಸಿಂದಗಿ)

ಮಾಸ್ತರ, ಎರಡು ದಿನ ಕಾಯಬೇಕು ಅಂತ ಗೊತ್ತಿದ್ದೇ ಒಲೆ ಹೂಡಿದ್ದಿರಿ. ನಾನು ಕೇಳೋದೂ ಅದನ್ನೇ. ಗೊತ್ತಿದ್ದರೆ ಬುತ್ತಿ ಜಾಸ್ತಿ ಕಟ್ಟುತ್ತೇವೆ.

ನಿವೃತ್ತ ಮಾಸ್ತರ (ರಾಯಬಾಗ)

ಒಳ್ಳೆಯ ಮಾತು. ನೂರಕ್ಕೆ ತೊಂಬತ್ತು. ಹತ್ತು ಕಡಿಮೆ ಯಾಕೆಂದರೆ ಸೊಲ್ಲಾಪುರಕ್ಕೆ ಎರಡು ತಾಸಿನಲ್ಲಿ ಹೋಗಿ ವಾಪಸ್ ಬರಲಿಕ್ಕಾಗಲ್ಲ. ಹೋಗೋದೇ ನೂರು ಕಿಲೋಮೀಟರ್.

ಚೀಲ ಹೊತ್ತವನು

ನಾನು ಔಷಧ ಕಂಪನಿಯ ಎಮ್ಆರ್. ಎರಡೂ ಕಡೆಯವರು ಬೈಯುವ ಏಕೈಕ ಪ್ರಾಣಿ. ಪೇಷಂಟ್‌ಗಳು "ಟೈ ಹಾಕ್ಕೊಂಡು ಪಾಳಿ ಮುರೀತಾನ" ಅಂತಾರೆ, ಕೌಂಟರ್‌ನವರು "ಇವತ್ತ ಭೇಟಿ ಇಲ್ಲ" ಅಂತಾರೆ. ದಿನಾ ಏಳೆಂಟು ದವಾಖಾನೆ ನೋಡುತ್ತೇನೆ. ಒಂದು ಗಮನಿಸಿದ್ದೇನೆ. ಹತ್ತು ಗಂಟೆಗೆ ಕೂಗಾಟ ಕಮ್ಮಿ. ಹನ್ನೆರಡೂವರೆ ಆದ ಮೇಲೆ ಶುರುವಾಗುತ್ತದೆ. ಹೊಟ್ಟೆ ಹಸಿವಿನ ಹೊತ್ತು. ಒಂದು ಕಡೆ ಕೌಂಟರ್ ಪಕ್ಕ ನೀರಿನ ಫಿಲ್ಟರ್ ಮತ್ತು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದಾರೆ. ಅಲ್ಲಿ ಜಗಳ ಆದದ್ದು ನಾನು ನೋಡಿಲ್ಲ. ಬಿಸ್ಕತ್ತಿಗಾಗಿ ಆಗಿದೆ, ಅದು ಬೇರೆ.

ಹಳದಿ ಚೀಟಿ (ಬಾಗಲಕೋಟೆ)

ನಮ್ಮಲ್ಲಿ ಬಿಸ್ಕತ್ತು ಇಟ್ಟರೆ ಉಪವಾಸದ ರಕ್ತ ಕೊಡಲು ಬಂದವರೇ ತಿಂದುಬಿಡುತ್ತಾರೆ.

ಲ್ಯಾಬ್ ಮಾಮಾ (ವಿಜಯಪುರ)

ಆಮೇಲೆ "ಬಿಸ್ಕತ್ತ ಅಂದ್ರ ಊಟ ಮಾಡಿದಂಗಾ?"

ಬಿಳಿ ಕೋಟು

ಡಾಕ್ಟರ್ ಕಡೆಯಿಂದ ಯಾರೂ ಮಾತಾಡಿಲ್ಲ, ಬೈಸಿಕೊಳ್ಳಲು ಬಂದಿದ್ದೇನೆ. ಬೆಳಗಾವಿ ಜಿಲ್ಲೆಯ ಒಂದು ತಾಲೂಕಿನಲ್ಲಿ ಪ್ರಾಕ್ಟೀಸ್.

ಲೆಕ್ಕ ಕೇಳಿ. ಹತ್ತರಿಂದ ಎರಡರವರೆಗೆ ಓಪಿಡಿ ಅಂದರೆ 240 ನಿಮಿಷ. ಅರವತ್ತು ಪೇಷಂಟ್. ಒಬ್ಬರಿಗೆ ನಾಲ್ಕು ನಿಮಿಷ. ಒಬ್ಬರು ಎದೆನೋವು ಅಂತ ಬಂದರೆ ಇಸಿಜಿ, ಮನೆಯವರ ಜೊತೆ ಮಾತು, ಬೇರೆ ಊರಿಗೆ ಕಳಿಸುವ ವ್ಯವಸ್ಥೆ, ಮುಕ್ಕಾಲು ತಾಸು. ಅಲ್ಲಿಗೆ ಹನ್ನೊಂದು ಮಂದಿಯ ಹೊತ್ತು ಹೋಯಿತು. ಇದನ್ನು ಹೊರಗೆ ಕೂತವರಿಗೆ ಯಾರೂ ಹೇಳಲ್ಲ. ಅವರಿಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಪರಿಚಯದವರು ಹಿಂದಿನ ಬಾಗಿಲಿಂದ ಬಂದರೆ ನಾನು ಬೇಡ ಅನ್ನಲ್ಲ. ಅನ್ನಲು ಆಗಲ್ಲ, ಸಣ್ಣ ಊರು. ಅದರ ಬೈಗುಳ ನಮ್ಮ ಕೌಂಟರಿನವಳಿಗೆ ಬೀಳುತ್ತದೆ ಅಂತ ಈ ಚರ್ಚೆ ಓದುವವರೆಗೂ ನಾನು ಯೋಚಿಸಿರಲಿಲ್ಲ.

ಕೌಂಟರ್ ಅಕ್ಕ (ವಿಜಯಪುರ)

ಸರ್, ಯೋಚಿಸಿರಲಿಲ್ಲ ಅಂದಿರಿ, ಒಳ್ಳೆಯದು. ಒಂದು ಕೇಳಲಾ? ಪೇಷಂಟ್ ಒಳಗೆ ಬಂದು "ನಿಮ್ಮ ಹುಡುಗಿ ಸರಿ ಇಲ್ಲ" ಅಂದಾಗ ನೀವು ಏನನ್ನುತ್ತೀರಿ?

ಬಿಳಿ ಕೋಟು

"ಹೇಳ್ತೀನಿ ಆಕಿಗೆ" ಅನ್ನುತ್ತೇನೆ.

ಸ್ಕ್ಯಾನಿಂಗ್ ಹುಡುಗಿ (ಜಮಖಂಡಿ)

ಅಲ್ಲಿಗೆ ಮುಗೀತು.

ಹಳದಿ ಚೀಟಿ (ಬಾಗಲಕೋಟೆ)

ಅದೊಂದು ಮಾತು ಸಾಕು ಸರ್, ಅವರು ಮುಂದಿನ ಸಲ ಬಂದಾಗ ಇನ್ನೂ ಜೋರಾಗಿ ಬಡಿಯುತ್ತಾರೆ. "ಆಕಿ ಹೇಳಿದ್ದು ನಾನು ಹೇಳಿದ್ದೇ, ಪಾಳಿ ಪ್ರಕಾರ ಬರ್ರಿ" ಅಂತ ಒಮ್ಮೆ ಅಂದು ನೋಡಿ. ಖರ್ಚಿಲ್ಲ.

ಬಿಳಿ ಕೋಟು

ನಾಳೆ ಅನ್ನುತ್ತೇನೆ.

ಖಡಕ್ ರೊಟ್ಟಿ

ಡಾಕ್ಟರ್ ನಾಳೆ ಎಷ್ಟಕ್ಕೆ ಬರ್ತಾರೆ? ದಾರ್ಯಾಗ ಅದಾರ?

ಮೂರು ಭಾಷೆ (ಬೆಳಗಾವಿ)

😂😂

ನಗು ಆಯಿತು. ಡಿಸ್ಚಾರ್ಜ್ ದಿನದ ಕಥೆಯನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಡಾಕ್ಟರ್ "ಮನೆಗೆ ಹೋಗಬಹುದು" ಅಂದಿರುತ್ತಾರೆ. ಮನೆಯವರು ಚೀಲ ಕಟ್ಟಿ, ಗಾಡಿ ಕರೆಸಿ, ಹೊರಗೆ ನಿಂತಿರುತ್ತಾರೆ. ಬಿಲ್ ಇನ್ಶೂರೆನ್ಸ್‌ನವರಿಗೆ ಹೋಗಿರುತ್ತದೆ, ಒಪ್ಪಿಗೆ ಬಂದಿರಲ್ಲ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ, ಕ್ಯಾಶ್‌ಲೆಸ್‌ಗೆ ಮೊದಲ ಉತ್ತರ ಒಂದು ತಾಸಿನಲ್ಲಿ, ಡಿಸ್ಚಾರ್ಜ್ ಒಪ್ಪಿಗೆ ಮೂರು ತಾಸಿನಲ್ಲಿ ಕೊಡಬೇಕು, ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿನ ಬಾಡಿಗೆ ಹಾಕಿದರೆ ಅದನ್ನು ವಿಮಾ ಕಂಪನಿಯೇ ಕೊಡಬೇಕು. ನಾನು ಇದನ್ನು ಪ್ರಿಂಟ್ ತೆಗೆದು ಗಾಜಿಗೆ ಅಂಟಿಸಿದ್ದೇನೆ, ಪೇಷಂಟ್‌ಗಳಿಗಾಗಿ. ಮೊದಲು ನನ್ನ ಜೊತೆ ಜಗಳ ಆಡುತ್ತಿದ್ದವರು ಈಗ ಅದರ ಫೋಟೋ ತೆಗೆದು ಕಂಪನಿಗೆ ಫೋನ್ ಮಾಡಿ ಅವರ ಜೊತೆ ಆಡುತ್ತಾರೆ. ನಾನು ಪಕ್ಕದಲ್ಲಿ ಕೂತು ಫೈಲ್ ನಂಬರ್ ಹೇಳಿಕೊಡುತ್ತೇನೆ.

ಮೊದಲನೇ ಬಸ್ (ಸಿಂದಗಿ)

ಇದು ಕೆಲಸದ ಮಾತು. ಹಾಗೇ ಅಕ್ಕಾರ, ನೀವೂ ಒಂದು ಬೋರ್ಡ್ ಹಾಕಿ. "ಈಗ ಒಳಗೆ ಎಷ್ಟನೇ ನಂಬರ್, ಡಾಕ್ಟರ್ ಎಲ್ಲಿದ್ದಾರೆ, ಎಷ್ಟಕ್ಕೆ ಬರಬಹುದು." ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಮ್ಯಾನೇಜರ್ ಬೇಡ ಅಂದರೆ ಈ ಚರ್ಚೆ ತೋರಿಸಿ.

ಇಂಡಿ ನಿಂಬೆ

ಎಲುಬಿನ ಡಾಕ್ಟರ್ ಬಗ್ಗೆಯೂ ಬೋರ್ಡಿನಲ್ಲಿ ಬರೆಯಿರಿ.

ಕೌಂಟರ್ ಅಕ್ಕ (ವಿಜಯಪುರ)
ಶನಿವಾರ, ರಾತ್ರಿ 10:15

ಐದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಬೋರ್ಡ್ ಹಾಕಿದೆ. ಮ್ಯಾನೇಜರ್ ಮುಖ ಗಂಟು ಹಾಕಿದರು, ಡಾಕ್ಟರ್ "ಇರಲಿ, ನೋಡೋಣ" ಅಂದರು. ಮಗನ ಹಳೆಯ ಪಾಟಿಯೇ ಬೋರ್ಡ್.

ಮಂಗಳವಾರ "ಡಾಕ್ಟರ್ ಆಪರೇಷನ್‌ನಲ್ಲಿದ್ದಾರೆ, ಹನ್ನೆರಡರ ಮೇಲೆ" ಅಂತ ಬರೆದೆ. ಆರು ಮಂದಿ ಎದ್ದು ಹೋದರು. ಮ್ಯಾನೇಜರ್ ನನ್ನನ್ನು ನೋಡಿದರು. ಹನ್ನೆರಡಕ್ಕೆ ಐವರು ವಾಪಸ್ ಬಂದರು, ಉಂಡು, ಒಬ್ಬರು ಬಜಾರ್ ಚೀಲದ ಜೊತೆ. ಆರನೆಯವರು ಬರಲಿಲ್ಲ.

ಬುಧವಾರ ಪಾಟಿಯಲ್ಲಿ 18 ಅಂತ ಇತ್ತು. ಹದಿನೆಂಟರ ನಡುವೆ ಹಾವು ಕಚ್ಚಿದ ಹುಡುಗನನ್ನು ಕರೆತಂದರು. ನಲವತ್ತು ನಿಮಿಷ 18 ಹಾಗೇ ಇತ್ತು. "ಪಾಟಿ ಕೆಟ್ಟೈತೇನು?" ಅಂತ ಒಬ್ಬರು ಕೂಗಿದರು. ನಾನು 18ರ ಕೆಳಗೆ "ಹಾವು ಕಚ್ಚಿದ ಹುಡುಗ ಒಳಗಿದ್ದಾನೆ" ಅಂತ ಬರೆದೆ. ಆಮೇಲೆ ಯಾರೂ ನಂಬರ್ ಕೇಳಲಿಲ್ಲ. ಹುಡುಗ ಹೇಗಿದ್ದಾನೆ ಅಂತಲೇ ಹತ್ತು ಮಂದಿ ಬಂದು ಕೇಳಿದರು, ಅದಕ್ಕೂ ನಾನೇ ಉತ್ತರ ಹೇಳಬೇಕಾಯಿತು. ಹುಡುಗ ಆರಾಮ ಇದ್ದಾನೆ.

41ನೇ ನಂಬರಿನವರು ಇವತ್ತು ಮತ್ತೆ ಬಂದಿದ್ದರು. ಬರೇ ರಿಪೋರ್ಟ್ ತೋರಿಸಲು. ಪಾಟಿ ನೋಡಿದರು, ನನ್ನನ್ನು ನೋಡಿದರು, ಕೂತರು. ಹತ್ತು ನಿಮಿಷ ಆದ ಮೇಲೆ ಎದ್ದು ಬಂದು ಕೌಂಟರ್ ಮೇಲೆ ಬಗ್ಗಿದರು. ಬಡಿಯುತ್ತಾರೇನೋ ಅಂತ ನಾನು ಫೋನ್ ಪಕ್ಕಕ್ಕೆ ಸರಿಸಿಕೊಂಡೆ.

"ತಂಗಿ, 27 ಬರೆಯೂದ್ರಾಗ ಏಳು ಸರಿಯಾಗಿ ಕಾಣವಲ್ದು, ಒಂದರಂಗ ಕಾಣ್ತೈತಿ. ದಪ್ಪ ಬರಿ" ಅಂದರು.

ಲ್ಯಾಬ್ ಮಾಮಾ (ವಿಜಯಪುರ)

ಹೆಂಡತಿಯ ಬಿಪಿ ಹೇಗಿದೆಯಂತೆ?

ಕೌಂಟರ್ ಅಕ್ಕ (ವಿಜಯಪುರ)

ಇವತ್ತು ಹೆಂಡತಿ ಬಂದಿರಲಿಲ್ಲ. ಹನ್ನೊಂದು ನಿಮಿಷಕ್ಕೆ ಹೊರಗೆ ಬಂದರು.

ಇಂಡಿ ನಿಂಬೆಯವರೇ, ಎಲುಬಿನ ಡಾಕ್ಟರ್ ಗುರುವಾರ ಬರುತ್ತಾರೆ. ನಂಬರ್ ಇಲ್ಲಿ ಹಚ್ಚಲ್ಲ.

ಇಂಡಿ ನಿಂಬೆ

ಬರೇ ರಿಪೋರ್ಟ್ ತೋರಿಸೋದಿತ್ತು ಅಕ್ಕಾರ.